ಕಡತದ ಬೆರಳಚ್ಚು



ತನಿಖೆಗಾಗಿ ವಶಪಡಿಸಿಕೊಂಡ ಒಂದೇ ಗಣಕಯಂತ್ರದಲ್ಲಿ ಲಕ್ಷಾಂತರ ಕಡತಗಳಿರುವುದುಂಟು. ಅವುಗಳಲ್ಲಿ ಬಹುಪಾಲು ಅದರ ಒಡೆಯನು ಸೃಷ್ಟಿಸಿದವಲ್ಲ. ಮಾರುಕಟ್ಟೆಯ ತಂತ್ರಾಂಶಗಳೊಡನೆ ಬಂದು ಸೇರಿದವು. ಎಲ್ಲವನ್ನೂ ಒಂದೊಂದಾಗಿ ತೆರೆದು ಪರಿಶೀಲಿಸುವುದು ಅಸಾಧ್ಯ. ಹೆಸರನ್ನು ನಂಬುವಂತೆಯೂ ಇಲ್ಲ. ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಈ ತೊಡಕಿಗೆ ಪರಿಹಾರವೇ ಹ್ಯಾಷ್ ಮೌಲ್ಯ. ಕಡತದ ಒಳಗಿರುವ ಸಮಸ್ತ ಮಾಹಿತಿಯನ್ನು ಒಂದು ಗಣಿತ ವಿಧಾನಕ್ಕೆ ಒಳಪಡಿಸಿದಾಗ ನಿಶ್ಚಿತ ಉದ್ದದ ಸಂಕೇತವೊಂದು ದೊರೆಯುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಂಕಿ-ಅಕ್ಷರಗಳ ಸಾಲು. ಹೆಸರು ಬದಲಾದರೂ ಸಂಕೇತ ಬದಲಾಗದು. ಒಳಗಿನ ಒಂದು ಅಕ್ಷರ ಬದಲಾದರೂ ಸಂಕೇತವೇ ಬೇರೆಯಾಗುತ್ತದೆ. ಆದುದರಿಂದಲೇ ಇದನ್ನು ಕಡತದ ಬೆರಳಚ್ಚು ಎನ್ನುವುದು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ತಂತ್ರಾಂಶಗಳ ಗ್ರಂಥಾಲಯವೊಂದನ್ನು ನಡೆಸುತ್ತಿದೆ. ಅಲ್ಲಿ ಸಂಗ್ರಹಿಸಿದ ತಂತ್ರಾಂಶಗಳ ಪ್ರತಿಯೊಂದು ಕಡತದ ಹ್ಯಾಷ್ ಮೌಲ್ಯವನ್ನು ಗಣಿಸಿ, ಪಟ್ಟಿಯನ್ನು ಉಚಿತವಾಗಿ ಪ್ರಕಟಿಸಲಾಗುತ್ತದೆ. ತನಿಖಾಧಿಕಾರಿಯು ಯಂತ್ರದಲ್ಲಿನ ಕಡತಗಳ ಮೌಲ್ಯಗಳನ್ನು ಈ ಪಟ್ಟಿಯೊಡನೆ ಹೋಲಿಸಿ, ಪರಿಚಿತವಾದವುಗಳನ್ನು ಬೇರ್ಪಡಿಸಿ, ಉಳಿದವುಗಳತ್ತ ಗಮನ ಹರಿಸಬಹುದು.

ಆದರೆ ಪರಿಚಿತವಾದುದೆಲ್ಲ ನಿರುಪದ್ರವಿಯಲ್ಲ. ದುರುಪಯೋಗಕ್ಕೆ ಒಳಗಾಗಬಲ್ಲ ತಂತ್ರಾಂಶಗಳೂ ಆ ಪಟ್ಟಿಯಲ್ಲಿವೆ. ಅಂತೆಯೇ ಪಟ್ಟಿಯಲ್ಲಿಲ್ಲದುದೆಲ್ಲ ಸಂಶಯಾಸ್ಪದವೂ ಅಲ್ಲ. ಒಡೆಯನು ಬರೆದ ಪತ್ರ, ಮಗುವಿನ ಛಾಯಾಚಿತ್ರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಈ ಭೇದವನ್ನು ಮರೆತರೆ ನಿರಪರಾಧಿಗೆ ಅನ್ಯಾಯವಾದೀತು.

ವಿಧಾನಗಳೂ ಕಾಲಕ್ರಮದಲ್ಲಿ ಶಿಥಿಲವಾಗುತ್ತವೆ. ಎರಡು ಭಿನ್ನ ಮಾಹಿತಿಗಳಿಗೆ ಒಂದೇ ಮೌಲ್ಯ ಬರುವಂತೆ ಮಾಡಬಹುದೆಂಬುದನ್ನು ಎಂಡಿ5 ವಿಧಾನದಲ್ಲಿ 2004ರಲ್ಲಿಯೂ, ಎಸ್‌ಎಚ್‌ಎ-1 ವಿಧಾನದಲ್ಲಿ 2017ರಲ್ಲಿಯೂ ಸಂಶೋಧಕರು ತೋರಿಸಿಕೊಟ್ಟರು. ಎಸ್‌ಎಚ್‌ಎ-256ರಲ್ಲಿ ಇಂತಹ ಲೋಪ ಈವರೆಗೆ ಕಂಡುಬಂದಿಲ್ಲ.

ನಮ್ಮ ದೇಶದ ನ್ಯಾಯಾಲಯಗಳಿಗೂ ಈ ಬೆರಳಚ್ಚು ಪ್ರಸ್ತುತವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಕಾರ, ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಹ್ಯಾಷ್ ಮೌಲ್ಯವನ್ನೂ ಅದನ್ನು ಪಡೆದ ವಿಧಾನವನ್ನೂ ನಮೂದಿಸಬೇಕು. ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಪ್ರಕರಣದಲ್ಲಿ ಸಿಲುಕಿದ ನಾಗರಿಕನಿಗೆ ಇದೊಂದು ರಕ್ಷಣೆ. ಮೌಲ್ಯವನ್ನು ನಮೂದಿಸಿದ ಮೇಲೆ ದಾಖಲೆಯನ್ನು ತಿದ್ದಿದ್ದರೆ, ಮರುಗಣನೆಯಲ್ಲಿ ಅದು ಬೆಳಕಿಗೆ ಬರುತ್ತದೆ.

ಕಡತ ಯಾವುದೆಂಬುದನ್ನು ಯಂತ್ರ ಹೇಳಬಲ್ಲದು. ಅದನ್ನು ಯಾರು, ಯಾವ ಉದ್ದೇಶದಿಂದ ಇರಿಸಿದರೆಂಬುದನ್ನು ಮಾತ್ರ ಮನುಷ್ಯನ ವಿವೇಕವೇ ನಿರ್ಣಯಿಸಬೇಕು.