ಜೈಲಿನ ಬಾಗಿಲು ದಾಟಿದ ಮೇಲೆ



ಶ್ರೀರಂಗಪಟ್ಟಣದ ಕೋಟೆ ನೋಡಲು ಬರುವವರು ಕರ್ನಲ್ ಬೈಲಿಯ ಸೆರೆಮನೆಯನ್ನು ನೋಡದೆ ಹೋಗುವುದು ಕಡಿಮೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕ ಬ್ರಿಟಿಷ್ ಸೇನಾಧಿಕಾರಿಯ ಹೆಸರು ಅದಕ್ಕೆ ನಿಂತಿದೆ. ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಗೋಡೆಯಿಂದ ಚಾಚಿದ ಕಲ್ಲುಗಳಿಗೆ ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರೆಂದು ಅಲ್ಲಿ ಹೇಳುತ್ತಾರೆ. ಅವರು ಯುದ್ಧಕೈದಿಗಳು. ಇಂದಿನ ಮಾತು ಅಪರಾಧ ಮಾಡಿ ಶಿಕ್ಷೆ ಪಡೆದವರ ಕುರಿತದ್ದು. ಆದರೂ ಸೆರೆಮನೆ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಇದೇ ಚಿತ್ರ: ಕಲ್ಲು, ಕತ್ತಲು, ಸರಪಳಿ. ಒಳಗೆ ಹೋದವರಲ್ಲಿ ಬಹುಪಾಲು ಜನ ಒಂದು ದಿನ ಹೊರಗೆ ಬರುತ್ತಾರೆ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಬದುವಿನ ಜಗಳ, ನಾಲೆ ನೀರಿನ ಜಗಳ, ಕುಡಿದ ಮತ್ತಿನಲ್ಲಿ ಎತ್ತಿದ ಮಚ್ಚು. ಊರಿನಲ್ಲಿ ನಡೆಯುವ ಎಷ್ಟೋ ಅಪರಾಧಗಳ ಮೂಲ ಇಷ್ಟೇ. ಈ ಕಡೆಯವರಿಗೆ ಹತ್ತಿರದ ಕೇಂದ್ರ ಕಾರಾಗೃಹ ಮೈಸೂರಿನದು. ಹತ್ತು ಹದಿನಾಲ್ಕು ವರ್ಷ ಕಳೆದು ಊರಿನ ಬಸ್ ಇಳಿದವನಿಗೆ ಎದುರಾಗುವುದೇನು? ಜಮೀನು ಭೋಗ್ಯಕ್ಕೆ ಹೋಗಿರಬಹುದು. ಮಗಳ ಸಂಬಂಧ ಮುರಿದಿರಬಹುದು. ಸತ್ತವನ ಮನೆ ಅದೇ ಬೀದಿಯಲ್ಲಿರಬಹುದು. ಶಿಕ್ಷೆ ಮುಗಿಯಿತೆಂದು ಸರ್ಕಾರ ಹೇಳುತ್ತದೆ, ಊರು ಹೇಳುವುದಿಲ್ಲ. ಸೇವಾಸಂಸ್ಥೆಗಳ ನಿಜವಾದ ಕೆಲಸ ಇರುವುದು ಈ ಎರಡರ ನಡುವೆ.

ಕಾನೂನು ಕೆಲವು ದಾರಿ ತೆರೆದಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಂತೆ, ಮರಣದಂಡನೆ ಇಲವೇ ಜೀವಾವಧಿ ಶಿಕ್ಷೆಗೆ ಅವಕಾಶವಿಲ್ಲದ ಅಪರಾಧಗಳಲ್ಲಿ, ನ್ಯಾಯಾಲಯವು ಸನ್ನಡತೆಯ ಮುಚ್ಚಳಿಕೆ ಪಡೆದು ಅಪರಾಧಿಯನ್ನು ಜೈಲಿಗೆ ಕಳಿಸದೆ ಬಿಡಬಹುದು. ಹಾಗೆ ಬಿಡುಗಡೆಯಾದವನಿಗೆ ಅಪರಾಧ ಸಾಬೀತಾದದ್ದರಿಂದ ಬರುವ ಅನರ್ಹತೆ ಅಂಟುವುದಿಲ್ಲ. ಆದರೆ ಕಾಯ್ದೆ ಕೆಲಸ ಕೊಡಿಸುವುದಿಲ್ಲ, ಹೆಣ್ಣು ಕೊಡಿಸುವುದಿಲ್ಲ, ಪಕ್ಕದ ಮನೆಯವರೊಡನೆ ಮಾತು ಬೆಳೆಸುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು.

ಅಂಥ ಮನುಷ್ಯರಲ್ಲಿ ಒಬ್ಬರು ಕನ್ನಡ ನಾಡಿನವರೇ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ 1942ರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಗೋಡೆಯ ಮೇಲೆ ಚಳವಳಿಯ ಘೋಷಣೆ ಬರೆದು ಪೊಲೀಸರ ಕೈಗೆ ಸಿಕ್ಕವರು. ಮುಂದೆ ದರೋಡೆಕೋರರ ಬೀಡಾಗಿದ್ದ ಚಂಬಲ್ ಕಣಿವೆಗೆ ಹೋಗಿ, ಮಧ್ಯಪ್ರದೇಶದ ಜೌರಾದಲ್ಲಿ 1970ರಲ್ಲಿ ಮಹಾತ್ಮ ಗಾಂಧಿ ಸೇವಾಶ್ರಮ ಕಟ್ಟಿದರು. ಅದಕ್ಕೆ ಹತ್ತು ವರ್ಷ ಮೊದಲು ವಿನೋಬಾ ಭಾವೆಯವರ ಮುಂದೆ ಕೆಲವು ಡಕಾಯಿತರು ಬಂದೂಕು ಇಳಿಸಿದ್ದರು. 1972ರ ಏಪ್ರಿಲ್ 14ರಂದು ಜೌರಾದಲ್ಲಿ ಮೊಹರ್ ಸಿಂಗ್, ಮಾಧೋ ಸಿಂಗ್ ಮೊದಲಾದವರು ಜಯಪ್ರಕಾಶ ನಾರಾಯಣರ ಎದುರು ಗಾಂಧೀಜಿಯ ಚಿತ್ರದ ಮುಂದೆ ಶಸ್ತ್ರ ಇಟ್ಟರು. ಅವರ ಹಿಂದೆ ನೂರಾರು ಜನ ಬಂದರು.

ಇದು ಹೃದಯ ಪರಿವರ್ತನೆಯ ಕಥೆಯೆಂದು ಹೇಳಿ ಮುಗಿಸುವವರೇ ಹೆಚ್ಚು. ಅದು ಅರ್ಧ ಸತ್ಯ. ಗಲ್ಲುಶಿಕ್ಷೆ ಆಗಬಾರದು, ಹೆಂಡತಿ ಮಕ್ಕಳ ಗತಿ ನೋಡಬೇಕು, ಬಿಡುಗಡೆಯಾದ ಮೇಲೆ ಉಳುಮೆಗೆ ಭೂಮಿ ಬೇಕು ಎಂಬ ಮಾತುಕತೆ ಇದರ ಹಿಂದೆ ನಡೆದಿತ್ತು. ಶರಣಾದವರು ಜೈಲಿಗೆ ಹೋಗುವುದು ತಪ್ಪಲಿಲ್ಲ. ಹಲವರನ್ನು ಮುಂಗಾವಲಿಯ ಬಯಲು ಬಂದೀಖಾನೆಯಲ್ಲಿ ಇರಿಸಲಾಯಿತು. ಅಲ್ಲಿ ಅವರು ಬೇಸಾಯ ಮಾಡಿದರು. ಶಸ್ತ್ರ ಕೆಳಗಿಟ್ಟದ್ದು ಒಂದು ದಿನದ ಕೆಲಸ. ಆ ಮನೆಗಳ ಒಲೆ ಆರದಂತೆ ನೋಡಿಕೊಂಡದ್ದು ವರ್ಷಗಳ ಕೆಲಸ. 2021ರಲ್ಲಿ ಸುಬ್ಬರಾವ್ ತೀರಿಕೊಂಡರು.

ಮೈಸೂರಿನ ಕಡೆಯಿಂದಲೂ ಒಂದು ಉದಾಹರಣೆಯಿದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಸಂಕಲ್ಪ ಎಂಬ ತಂಡದ ಮೂಲಕ ಕಾರಾಗೃಹಗಳ ಕೈದಿಗಳಿಗೆ ನಾಟಕ ಕಲಿಸಿದರು. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ವನ್ನೂ ಕೈದಿಗಳು ಆಡಿದರು. ಕೈಗೆ ಅಂಟಿದ ರಕ್ತ ತೊಳೆದರೂ ಹೋಗದವನ ಕಥೆಯನ್ನು ಜೀವಾವಧಿ ಶಿಕ್ಷೆಯವರು ಆಡುವಾಗ ಅದು ಬರೀ ನಟನೆಯಾಗಿ ಉಳಿಯುವುದಿಲ್ಲ. ಜೈಲಿನ ಹೊರಗೂ ಪ್ರದರ್ಶನಗಳಾದವು. ‘ಕೈದಿ’ ಎಂದಷ್ಟೇ ಕರೆಯುತ್ತಿದ್ದವರನ್ನು ಜನ ಅಂದು ಪಾತ್ರದ ಹೆಸರಿನಿಂದ ಗುರುತಿಸಿದರು.

ನೊಂದವರನ್ನು ಮರೆತು ಈ ಮಾತು ಆಡಿದರೆ ಅದು ಅನ್ಯಾಯವಾಗುತ್ತದೆ. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು 1998ರಲ್ಲಿ ಹೇಳಿದ ಸುಪ್ರೀಂ ಕೋರ್ಟು, ಅದರಲ್ಲಿ ಒಂದು ಭಾಗವನ್ನು ಅಪರಾಧದಿಂದ ನೊಂದವರ ಪರಿಹಾರಕ್ಕೆ ತೆಗೆದಿಡುವ ಕಾನೂನು ಬೇಕೆಂದೂ ಸೂಚಿಸಿತು. ಕೈದಿಯ ಮಕ್ಕಳ ಫೀಸು ಕಟ್ಟುವ ಸಂಸ್ಥೆ ಸತ್ತವನ ಮಕ್ಕಳನ್ನೂ ವಿಚಾರಿಸಿದರೆ ಮಾತ್ರ ಊರು ಅದನ್ನು ನಂಬುತ್ತದೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದ ಸುರೇಂದ್ರ ಕೌಲಗಿಯವರು ಅದಕ್ಕೆ ಮೊದಲು ಇದೇ ಜಯಪ್ರಕಾಶರ ಆಪ್ತ ಕಾರ್ಯದರ್ಶಿಯಾಗಿದ್ದವರು. ಆ ಟ್ರಸ್ಟ್ ಕೈದಿಗಳಿಗಾಗಿ ಹುಟ್ಟಿದ್ದಲ್ಲ. ಆದರೆ ಊರಿನಲ್ಲೇ ಮಗ್ಗ ಹೂಡಿ ಊರಿನವರಿಗೇ ದುಡಿಮೆ ಕೊಡಬಹುದೆಂದು ಅದು ತೋರಿಸಿದೆ. ಜೈಲಿನಲ್ಲಿ ನೇಯ್ಗೆಯನ್ನೋ ಬಡಗಿ ಕೆಲಸವನ್ನೋ ಕಲಿತು ಬಂದವನಿಗೆ ಬೇಕಾದದ್ದೂ ಇದೇ. ಕಲಿತ ಕೈಗೆ ಒಂದು ಮಗ್ಗ, ಒಂದು ಉಳಿ, ಅವನ ನಡತೆಗೆ ಹೊಣೆ ನಿಲ್ಲುವ ಒಬ್ಬ ಹಿರಿಯ.

ದೊಡ್ಡ ಧರ್ಮಛತ್ರ ಕಟ್ಟಿಸಬೇಕಿಲ್ಲ. ಒಳಗಿರುವಾಗ ಮನೆಯವರನ್ನು ವರ್ಷಕ್ಕೆ ನಾಲ್ಕು ಸಲ ಮೈಸೂರಿಗೆ ಕರೆದುಕೊಂಡು ಹೋಗುವ ಬಸ್ ಚಾರ್ಜು, ಬಿಡುಗಡೆಯ ದಿನ ಬಾಗಿಲಲ್ಲಿ ಕಾದು ನಿಲ್ಲುವ ಒಬ್ಬ ಪರಿಚಿತ, ಬಂದ ವಾರದಲ್ಲೇ ಒಂದು ಕೂಲಿ. ಇಷ್ಟನ್ನು ಒಂದು ಊರಿನ ಹತ್ತು ಜನ ಸೇರಿದರೆ ಮಾಡಬಹುದು. ಬೈಲಿಯ ಸೆರೆಮನೆಯ ಸರಪಳಿ ಎಂದೋ ಕಳಚಿದೆ. ಊರಿನ ನಾಲಗೆಯಲ್ಲಿರುವ ಸರಪಳಿಯನ್ನು ಕಳಚಬೇಕಾದವರು ಊರಿನವರೇ.