ಹಿಡಿದರೆ ಬಿಡದ ಲೋಳೆ

ಐಟಿಐ ಓದಿ ಬಂದ ಎಲೆಕ್ಟ್ರಿಷಿಯನ್ ನಾನು, ಬ್ಯಾಕ್ಟೀರಿಯಾ ಬಗ್ಗೆ ಇವನೇನು ಹೇಳ್ತಾನೆ ಅಂತ ನಿಮಗೆ ಅನ್ನಿಸಬಹುದು. ಆದರೆ ಇದೂ ಮೋಟಾರಿನ ಕತೆಯೇ.

ಊರಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ನಾಲ್ಕು ದಿನ ಉಜ್ಜದೆ ಬಿಟ್ಟರೆ ಕಾಲು ಜಾರುತ್ತದೆ. ಬರೀ ನೀರು ಸುರಿದರೆ ಆ ಲೋಳೆ ಹೋಗಲ್ಲ. ಅದರೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಕಣ್ಣಿಲ್ಲದ ಈ ಜೀವಕ್ಕೆ ಇದು ನೀರು, ಇದು ಕಲ್ಲು ಅಂತ ಹೇಗೆ ಗೊತ್ತಾಗುತ್ತೆ?

ಈಜುವ ಬ್ಯಾಕ್ಟೀರಿಯಾದ ಬಾಲದ ಬುಡದಲ್ಲಿ ನಿಜಕ್ಕೂ ತಿರುಗುವ ಮೋಟಾರು ಇದೆ. ರೋಟರ್, ಸ್ಟೇಟರ್ ಎರಡೂ ಉಂಟು, ವಿಜ್ಞಾನಿಗಳು ಇಟ್ಟ ಹೆಸರೂ ಅದೇ. ತಾಮ್ರದ ಸುತ್ತು ಮಾತ್ರ ಇಲ್ಲ. ಹೊರಗಿಂದ ಒಳಗೆ ಹರಿಯುವ ಪ್ರೋಟಾನುಗಳೇ ಅದರ ಕರೆಂಟು. ಬಾಲ ಗೋಡೆಗೆ ತಾಗಿ ತಿರುಗಲು ಕಷ್ಟವಾದರೆ ಲೋಡ್ ಏರುತ್ತದೆ. ನಮ್ಮ ಪಂಪು ಜಾಮ್ ಆದರೆ ಆಂಪಿಯರ್ ಏರಿ ಟ್ರಿಪ್ ಆಗುತ್ತಲ್ಲ? ಇಲ್ಲಿ ಟ್ರಿಪ್ ಇಲ್ಲ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಲೋಡ್ ಏರಿದಂತೆ ಹೆಚ್ಚು ಸ್ಟೇಟರುಗಳು ಬಂದು ಸೇರಿಕೊಳ್ಳುತ್ತವೆ, 11ರಷ್ಟು ಎಣಿಸಿದ್ದಾರೆ. ಓಡುತ್ತಿರುವಾಗಲೇ ಮೋಟಾರಿನ ಪವರ್ ಹೆಚ್ಚಿಸಿಕೊಳ್ಳೋದು ನಮ್ಮ ಯಾವ ವರ್ಕ್‌ಶಾಪಿನಲ್ಲೂ ಆಗದ ಕೆಲಸ!

ಇನ್ನು ಕೆಲವು ಬ್ಯಾಕ್ಟೀರಿಯಾ ಕೂದಲಿನಂಥ ಎಳೆ ಚಾಚಿ, ಎಳೆದು ನೋಡುತ್ತವೆ. ಎಳೆ ವಾಪಸ್ ಬರಲಿಲ್ಲವೋ, ಗೋಡೆ ಸಿಕ್ಕಿತು ಅಂತ ಅರ್ಥ. ಆಮೇಲೆ ಹಲವು ಜಾತಿಗಳಲ್ಲಿ ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಂದೇಶದ ಅಣು ಒಳಗೆ ಹೆಚ್ಚಾಗಿ, ಈಜು ನಿಂತು ಅಂಟು ಸುರಿಯುತ್ತದೆ. ಮೊದಮೊದಲು ನೀರಿನ ರಭಸಕ್ಕೆ ಬಿಟ್ಟುಹೋಗುತ್ತವೆ. ಅಂಟು ಗಟ್ಟಿಯಾದ ಮೇಲೆ ಜಪ್ಪಯ್ಯ ಅಂದರೂ ಬಿಡಲ್ಲ.

ಟೌಪೊ ಹತ್ತಿರದ ವೈರಾಕೆಯಲ್ಲಿ 1958ರಿಂದ ಭೂಮಿಯ ಬಿಸಿಯಿಂದ ಕರೆಂಟು ಮಾಡುತ್ತಿದ್ದಾರೆ. ಅಲ್ಲಿಯ ಬಿಸಿನೀರಿನ ಚರಂಡಿಯಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ 2008ರಲ್ಲಿ ಪ್ರಕಟವಾಯಿತು. ಹೆಸರು ಉದ್ದ: ಅನಾಕ್ಸಿಬ್ಯಾಸಿಲಸ್ ಫ್ಲೇವಿಥರ್ಮಸ್. ಇದೇ ಜಾತಿ ಹಾಲಿನ ಪುಡಿ ಕಾರ್ಖಾನೆಯ ಸ್ಟೀಲ್ ಪ್ಲೇಟುಗಳಿಗೂ ಅಂಟುತ್ತದೆ. ಹಾಲು ಬಿಸಿಯಾಗುವ 60 ಡಿಗ್ರಿ ಆಸುಪಾಸು ಅದಕ್ಕೆ ಹಬ್ಬ. ರೋಗ ತರುವಂಥದ್ದೇನಲ್ಲ, ಆದರೆ ಪುಡಿಯಲ್ಲಿ ಅದರ ಎಣಿಕೆ ಮೀರಿದರೆ ಮಾಲಿನ ದರ್ಜೆ ಇಳಿಯುತ್ತದೆ. ಅದಕ್ಕೇ ಓಡುವ ಪ್ಲಾಂಟ್ ನಿಲ್ಲಿಸಿ ಕಾಸ್ಟಿಕ್, ಆಮೇಲೆ ಆಸಿಡ್ ಹರಿಸೋದು. ರಾತ್ರಿ ಪಾಳಿಯಲ್ಲಿ ಈ ಕೆಲಸ ಮಾಡುವ ನಮ್ಮ ಹುಡುಗರನ್ನು ಬರೀ ಕ್ಲೀನರ್ ಅಂತ ಕರೆಯೋದು ನನಗಂತೂ ಸರಿ ಕಾಣಲ್ಲ.

ಮನೆಯ ವಿಷಯ ಒಂದಿದೆ. ಬಿಲ್ ಉಳಿಸಲು ಬಿಸಿನೀರಿನ ಸಿಲಿಂಡರಿನ ಥರ್ಮೋಸ್ಟಾಟ್ 45ಕ್ಕೆ ಇಳಿಸಿಕೊಡಿ ಅಂತ ಸ್ನೇಹಿತರು ಕೇಳ್ತಾರೆ. ನಾನು ಮಾಡಲ್ಲ. ಪೈಪು, ಟ್ಯಾಂಕಿನ ಲೋಳೆಯಲ್ಲಿ ಲೀಜನೆಲ್ಲಾ ಬೆಳೆಯುತ್ತೆ, ಅದರಿಂದ ನ್ಯುಮೋನಿಯಾ ಬರುತ್ತೆ. ಟ್ಯಾಂಕಿನಲ್ಲಿ 60 ಡಿಗ್ರಿ ಇರಲೇಬೇಕು ಅಂತ ಇಲ್ಲಿಯ ನಿಯಮವೇ ಇದೆ. ನಲ್ಲಿ ನೀರು ಮೈ ಸುಡದಂತೆ ತಣ್ಣೀರು ಬೆರೆಸಲು ಟೆಂಪರಿಂಗ್ ವಾಲ್ವ್ ಬೇರೆ ಇರುತ್ತೆ. ಬಾಡಿಗೆ ಮನೆಯಲ್ಲಿ ನೀರು ಬರೀ ಉಗುರುಬೆಚ್ಚಗೆ ಬರ್ತಿದ್ದರೆ ಮಾಲೀಕರಿಗೆ ಇವತ್ತೇ ಬರೆದು ತಿಳಿಸಿ. ಕವರ್ ಮಾತ್ರ ನೀವೇ ಬಿಚ್ಚಬೇಡಿ, ಒಳಗೆ 230 ವೋಲ್ಟ್ ಇದೆ.