ಅವಸರ

ತುರ್ತು, ಗಡಿಬಿಡಿ, ಅವಸರ: ಈ ಮೂರು ಮಾತುಗಳನ್ನು ನಾವು ಒಂದರ ಬದಲಿಗೆ ಮತ್ತೊಂದನ್ನಿಟ್ಟು ಆಡಿಬಿಡುತ್ತೇವೆ. ಬಾಳಿನುದ್ದಕ್ಕೂ ಕನ್ನಡ ಪಾಠ ಹೇಳಿದ ನಾನು ಇವುಗಳ ಅಂತರವನ್ನು ನಿಘಂಟಿನಲ್ಲಿ ಕಂಡಿದ್ದೆನೇ ಹೊರತು ಬದುಕಿನಲ್ಲಿ ಕಂಡಿರಲಿಲ್ಲ. ಕಂಡದ್ದು ನಿವೃತ್ತನಾದ ಮೇಲೆ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ.

ನನ್ನ ಊರು ಶಿಗ್ಗಾಂವಿ ತಾಲ್ಲೂಕಿನ ದುಂಡಸಿ. 1997ರಲ್ಲಿ ಹಾವೇರಿ ಜಿಲ್ಲೆಯಾಗಿ ನಾವು ಧಾರವಾಡದಿಂದ ಬೇರೆಯಾದೆವು. ಆದರೂ ಜೀವದ ಮೇಲೆ ಬಂದಾಗ ನಮ್ಮೂರ ಗಾಡಿಗಳು ಹೊರಳುವುದು ಹುಬ್ಬಳ್ಳಿಯತ್ತಲೇ. 1957ರಲ್ಲಿ ಆರಂಭವಾದ ಕರ್ನಾಟಕ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅದು. ಮುಂದೆ ಕಿಮ್ಸ್ ಎಂದು ಹೆಸರಾಯಿತು. ಹಳಬರ ಬಾಯಲ್ಲಿ ಇನ್ನೂ ಕೆ.ಎಂ.ಸಿ.

ನನ್ನ ತಮ್ಮನ ಮಗ ಊರ ಹೊರಗಿನ ತಿರುವಿನಲ್ಲಿ ಬೈಕಿನಿಂದ ಬಿದ್ದ. ತೊಡೆಯ ಎಲುಬು ಮುರಿದಿತ್ತು. ಅವನ ತಲೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದವನು ನಾನೇ. 2008ರಿಂದ ನಮ್ಮ ರಾಜ್ಯದಲ್ಲಿರುವ 108ರ ಗಾಡಿಗೆ ಯಾರೋ ಕರೆ ಮಾಡಿದ್ದರು. ‘ಅದು ಬರುವತನಕ ಕೂಡುವುದೇ?’ ಎಂದು ಗದರಿದವನೂ ನಾನೇ. ನಾಲ್ವರು ಕೈಕಾಲು ಹಿಡಿದು ಅವನನ್ನು ಟೆಂಪೋದಲ್ಲಿ ಹಾಕಿದರು. ಆಗ ಅವನು ಹಾಕಿದ ಚೀರು ತಡಸ ದಾಟಿದರೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ತರುಣ ವೈದ್ಯರೊಬ್ಬರು ಬಂದರು. ನಾಡಿ ನೋಡಿದರು, ಹೊಟ್ಟೆ ಮುಟ್ಟಿದರು, ಕಾಲಿಗೆ ಆಸರೆ ಕಟ್ಟಿಸಿ, ಸಲೈನ್ ಹಚ್ಚಲು ಹೇಳಿ ಪಕ್ಕದ ಮಂಚಕ್ಕೆ ಹೋಗಿಬಿಟ್ಟರು. ಅಲ್ಲೊಬ್ಬ ಹುಡುಗ ಮೈಮೇಲೆ ಒಂದು ಗಾಯವೂ ಕಾಣದಂತೆ ಸುಮ್ಮನೆ ಮಲಗಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಪ್ರೊಫೆಸರನೆಂದೂ ಹೇಳಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ತಿರುಗಿ ಕೂಡ ನೋಡದೆ ಅಂದರು: “ಸರ್, ನಿಮ್ಮ ಹುಡುಗಗ ಕೂಗಾಕ ಉಸಿರರೆ ಐತಿ. ಇವನ ಕಡೆ ಅದೂ ಇಲ್ಲ.”

ಆ ಹುಡುಗನ ಗುಲ್ಮ ಹರಿದು ಹೊಟ್ಟೆಯೊಳಗೇ ರಕ್ತ ಸುರಿಯುತ್ತಿತ್ತೆಂದು ಆಮೇಲೆ ತಿಳಿಯಿತು.

ನಮ್ಮ ಹೆಣ್ಣುಮಕ್ಕಳು ಮರದಲ್ಲಿ ಕಾಳು ಹಸನು ಮಾಡುತ್ತಾರಲ್ಲ, ಅಂಥದೇ ಕೆಲಸ ಇದು. ವೈದ್ಯರು ಇದನ್ನು ಟ್ರಯಾಜ್ ಎನ್ನುತ್ತಾರೆ. ಆಯ್ದು ವಿಂಗಡಿಸುವುದೆಂಬ ಅರ್ಥದ ಫ್ರೆಂಚ್ ಮಾತು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ, ಗಾಯಾಳುಗಳ ಪದವಿಯನ್ನು ನೋಡದೆ ಗಾಯವನ್ನು ನೋಡಿ ಮೊದಲಿಗ ಯಾರೆಂದು ನಿರ್ಣಯಿಸುತ್ತಿದ್ದ. ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ನಡೆದಿದೆಯೇ, ರಕ್ತ ಎಲ್ಲಿ ಸೋರುತ್ತಿದೆ ಎಂಬ ಕ್ರಮದಲ್ಲಿ ಇಂದಿನ ವೈದ್ಯರ ಕೈ ಓಡುತ್ತದೆ. ಮುರಿದ ಕಾಲಿನ ಸರದಿ ಆಮೇಲೆ. ಮೊದಲ ಗಳಿಗೆಗಳನ್ನು ‘ಸುವರ್ಣ ಗಂಟೆ’ ಎನ್ನುತ್ತಾರೆ. ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಕೌಲಿಯಿಂದ ಪ್ರಚಾರಕ್ಕೆ ಬಂದ ಮಾತು. ಅರವತ್ತೊಂದನೆಯ ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆಂದು ಅದರ ಅರ್ಥವಲ್ಲ. ಹಳಗನ್ನಡದಲ್ಲಿ ‘ಅವಸರ’ವೆಂದರೆ ತಕ್ಕ ಸಮಯ, ಹೊಸಗನ್ನಡದಲ್ಲಿ ಅದು ಆತುರವಾಯಿತು. ಆ ವೈದ್ಯರ ಕೈಯಲ್ಲಿದ್ದದ್ದು ಹಳಗನ್ನಡದ ಅವಸರ, ನನ್ನದು ಹೊಸಗನ್ನಡದ್ದು.

ಅಷ್ಟರಲ್ಲಿ ನರ್ಸಬಾಯಿ ಬಂದು ಕೇಳಿದರು: “ಬಾಯಿಗೆ ಏನರೆ ಹಾಕೀರೇನ್ರಿ?” ನೀರು ಕುಡಿಸಿದೆನೆಂದೆ. ಅವರ ಮುಖ ಇಳಿಯಿತು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಂತೆ. ಕತ್ತಿಗೆ ಪೆಟ್ಟಾಗಿದ್ದರೆ ನಾನು ತಲೆ ಎತ್ತಿದ್ದಕ್ಕೇ ಬೆನ್ನುಹುರಿ ಕೆಡಬಹುದಿತ್ತಂತೆ. ಸೋರುವ ರಕ್ತವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು, ಅಲುಗಾಡಿಸದೆ ಗಾಡಿಗಾಗಿ ಕಾಯಬೇಕಿತ್ತು.

ಆ ಹುಡುಗನನ್ನು ಹೆದ್ದಾರಿಯಿಂದ ಎತ್ತಿಕೊಂಡು ಬಂದವನು ಅವನಿಗೆ ಏನೂ ಆಗಬೇಕಾಗಿರದ ಒಬ್ಬ ಲಾರಿ ಚಾಲಕ. ಬಾಗಿಲಲ್ಲಿ ನಿಂತು, “ಹೆಸರು ಬರಕೋತಾರೇನ್ರಿ, ಸರ? ಕೋರ್ಟಿಗೆ ಅಡ್ಯಾಡಸ್ತಾರ?” ಎಂದು ಮೆಲ್ಲನೆ ಕೇಳಿದ. ನನಗೆ ಗೊತ್ತಿರಲಿಲ್ಲ. ಗಾಯಾಳುವಿನ ಜೀವ ಉಳಿಸುವುದು ಮೊದಲು, ಪೊಲೀಸ್ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ನೆರವಿಗೆ ಬಂದವನ ರಕ್ಷಣೆಯ ಮಾರ್ಗಸೂಚಿಗೆ 2016ರಲ್ಲಿ ಅದೇ ನ್ಯಾಯಾಲಯ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿತು. ಹೆಸರು ಹೇಳೆಂದು ಅವನನ್ನು ಬಲವಂತಪಡಿಸುವಂತಿಲ್ಲ. ಇದನ್ನೆಲ್ಲ ನಾನು ಓದಿಕೊಂಡದ್ದು ಊರಿಗೆ ಮರಳಿದ ಮೇಲೆ. ಅಂದು ‘ತಿಳಿಯದಪ್ಪಾ’ ಎಂದೆ. ಅವನು ಒಂದು ಕ್ಷಣ ಹುಡುಗನ ಕಡೆ ನೋಡಿ ಹೊರಟುಹೋದ.

ನಮ್ಮವನ ಕಾಲಿಗೆ ಸರಳು ಕೂಡಿಸಿದರು. ಈಗ ಕೊಂಚ ಎಳೆದು ನಡೆಯುತ್ತಾನೆ. ಪಕ್ಕದ ಹುಡುಗನನ್ನು ನೋಡಲು ಮೂರನೆಯ ದಿನ ಅವನ ವಾರ್ಡಿಗೆ ಹೋದೆ. ಅವನೂ ಕೂಗುತ್ತಿದ್ದ, ನೀರು ಬೇಕೆಂದು. ಬಾಟಲಿ ನನ್ನ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು ನರ್ಸಬಾಯಿಯನ್ನು ಹುಡುಕಿಕೊಂಡು ಹೋದೆ.